ಮೂರು ಸ್ಟೇಜಿನ ಟಿಕೆಟ್ಟು

ಹತ್ತೊಂಬತ್ತು ವರ್ಷ ನಿಂತೇ ಹೋಗಿ ಬಂದವಳು ನಾನು,
ದಾವಣಗೆರೆ–ಜಗಳೂರು, ಜಗಳೂರು–ದಾವಣಗೆರೆ,
ಕಂಬಿಗೆ ಸೊಂಟ ಆನಿಸಿ, ಎರಡೂ ಕೈ ಬಿಟ್ಟು,
ಅಣಜಿಯ ತಿರುವಿನಲ್ಲೂ ಒಂದು ನಾಣ್ಯ ಚೆಲ್ಲದೆ.
ಅಂಥ ಕಾಲು
ಬಾವಿಯ ಕೊನೇ ಮೆಟ್ಟಿಲು ತಪ್ಪಿದ್ದೇ
ಯಾರದೋ ಕಾಲಾದವು.

ಓಂಕಾರಿ ಹಚ್ಚಿದ ಹುಚ್ಚು ಇದು.
ಅಣಜಿ ಆಸ್ಪತ್ರೆಯ ನರ್ಸು, ನನ್ನ ಮೊದಲ ಟ್ರಿಪ್ಪಿನ ಪಾಸು,
ಮೊಬೈಲು ಮುಖಕ್ಕೆ ಹಿಡಿದು ಅಂದಳು:
ಈಜು, ಸೈಕಲ್ಲು, ಓಟ,
ಒಂದರ ಬೆನ್ನಿಗೊಂದು, ನಡುವೆ ಕೂರಂಗಿಲ್ಲ.
ಮೂರು ಸ್ಟೇಜು, ಎರಡು ಕಡೆ ಇಳಿದು ಹತ್ತೋದು, ಅಂದೆ.
ಚಾರ್ಜೆಷ್ಟು?
ಹನ್ನೆರಡು ನೂರು. ಮೆಡಲ್ಲು ಅದರಲ್ಲೇ.

ಈಜುಕೊಳದಲ್ಲಿ ಹೆಂಗಸರ ಪಾಳಿ ಹನ್ನೊಂದಕ್ಕೆ;
ಹನ್ನೊಂದಕ್ಕೆ ನಾನು ಜಗಳೂರಿನಲ್ಲಿರುತ್ತೇನೆ.
ಹಾಗಾಗಿ ಕಕ್ಕರಗೊಳ್ಳದ ಬಾವಿ, ಬೆಳಗಿನ ಐದೂವರೆ,
ಜಾಲಿಯಿಂದ ಇಳಿಬಿದ್ದ ಗೀಜಗನ ಗೂಡುಗಳು.
ಶಾಕಿರಾ ಮಂಡಕ್ಕಿ ಭಟ್ಟಿಯಿಂದ ನೇರ ಬರುತ್ತಾಳೆ,
ಹುಬ್ಬಿನ ಮೇಲೆ ಹೊಟ್ಟಿನ ಬೂದಿ.
ಹರಿಹರದ ಹೊಳೆದಂಡೆಯಲ್ಲಿ ಬೆಳೆದವಳು, ಸಲ್ವಾರಿನಲ್ಲೇ ಧುಮುಕಿದರೆ
ಆಚೆ ಗೋಡೆಯ ಹತ್ತಿರವೇ ತಲೆ ಕಾಣುವುದು.
ಕೊಟ್ರಬಸಯ್ಯ ಮೇಷ್ಟ್ರು ದಡದಲ್ಲಿ, ಲಾರಿ ಟ್ಯೂಬಿಗೆ ಹಗ್ಗ ಕಟ್ಟಿ.
ಮೂವತ್ತು ವರ್ಷ ಡ್ರಿಲ್ ಮಾಡಿಸಿದವರು. ಈಜು ಬರುವುದಿಲ್ಲ.
ಪುಸ್ತಕ ಓದಿ ಹೇಳುತ್ತಾರೆ: ಮೊಣಕೈ ಎತ್ತು, ನೀರು ಹಿಂದಕ್ಕೆ ತಳ್ಳು.
ನನ್ನ ತಾಳ ತಪ್ಪಿದ ದಿನ
ಗಾಬರಿಯಲ್ಲಿ ಒಂದು ಸೀಟಿ ಊದಿಬಿಟ್ಟರು.
ಬಸ್ಸಿನ ಭಾಷೆಯಲ್ಲಿ ಎರಡು ಸೀಟಿ ಅಂದರೆ ಹೊರಡು,
ಒಂದು ಅಂದರೆ ನಿಲ್ಲು.
ನಿಂತೆ.
ನಡುಬಾವಿಯಲ್ಲಿ ನಿಂತವರ ಗತಿ ನಿಮಗೆ ಗೊತ್ತು.

ಟ್ಯೂಬು, ಹಗ್ಗ, ಶಾಕಿರಾಳ ಹೆಗಲು, ಮೂಗಿನಲ್ಲಿ ಪಾಚಿಯ ವಾಸನೆ.
ಮೆಟ್ಟಿಲ ಮೇಲೆ ಕೂತು ನಾನು ಅಳುತ್ತಿದ್ದರೆ
ಮೂವರೂ ನಗದೆ ಇರಲು ಪಟ್ಟ ಪಾಡು!
ಮೊದಲು ಸೋತವರು ಮೇಷ್ಟ್ರು.

ಸೈಕಲ್ಲು ಶಾಕಿರಾಳ ತಮ್ಮನದು, ಗೇರು ಮೂರರಲ್ಲೇ ಕಚ್ಚಿಕೊಂಡಿದೆ.
ಬಾತಿ ಗುಡ್ಡದ ತನಕ ಸರ್ವೀಸ್ ರಸ್ತೆ, ಎದುರುಗಾಳಿ.
ನಮ್ಮ ಡಿಪೋದ ಬಸ್ಸು ಬಂದರೆ
ಡ್ರೈವರ್ ಹಾಲೇಶಿ ನಿಧಾನ ಮಾಡುತ್ತಾನೆ, ಕಿಟಕಿ ತುಂಬ ತಲೆಗಳು:
ನೋಡ್ರಲೇ, ಕಂಡಕ್ಟ್ರಮ್ಮ ಬಸ್ ಬಿಟ್ಟು ಹೊಂಟಾಳೆ!
ಕುಂದವಾಡ ಕೆರೆ ಏರಿಯ ಮೇಲೆ ಇಳಿದು ಓಡಲು ನೋಡಿದರೆ
ತೊಡೆಗಳು ಇನ್ನೂ ಪೆಡಲು ತುಳಿಯುತ್ತಿವೆ.
ಓಂಕಾರಿ ಪಕ್ಕದಲ್ಲೇ ಓಡುತ್ತ ಏನೇನೋ ಹೇಳುತ್ತಾಳೆ,
ಯಾರ ಮನೆಯ ಹೆರಿಗೆ, ಯಾರಿಗೆ ಚೇಳು ಕಚ್ಚಿತು.
ನನಗೆ ಉಸಿರಿಲ್ಲವೆಂದು ಗೊತ್ತಿದ್ದೇ
ಪ್ರಶ್ನೆ ಮಾತ್ರ ಕೇಳುವುದಿಲ್ಲ.

ಒಂಬತ್ತು ದಿನ ಬಾವಿಗೆ ಹೋಗಿರಲಿಲ್ಲ, ಡಬಲ್ ಡ್ಯೂಟಿ ಎಂಬ ನೆಪ.
ಹತ್ತನೇ ದಿನ
ಶಾಕಿರಾಳ ಅಂಗೈ ನನ್ನ ಹೊಟ್ಟೆಯ ಕೆಳಗೆ,
ಭಟ್ಟಿಯ ಬಿಸಿ ಇನ್ನೂ ಅದರಲ್ಲಿ.
ಮೋಸ ಮಾಡಲ್ಲಕ್ಕಾ, ಹೇಳೇ ತೆಗಿತೀನಿ.
ಈಗ ತೆಗೆದೆ. ಎಣಿಸು.
ತುಂಬಿದ ಬಸ್ಸಿನಲ್ಲಿ ತಲೆ ಎಣಿಸಿದ ಹಾಗೆ ಎಣಿಸಿದೆ,
ಒಂದು, ಎರಡು, ಮಡಿಲ ಕೂಸಿಗೆ ಟಿಕೆಟ್ಟಿಲ್ಲ, ಮೂರು…
ಹದಿನೆಂಟಕ್ಕೆ ಬೆರಳಿಗೆ ಕಲ್ಲು ತಾಗಿತು.
ಆಚೆ ಗೋಡೆ.

ಮೇಷ್ಟ್ರು ದಾರ ಹಿಡಿದು ಬಾವಿ ಅಳೆದಿದ್ದಾರೆ: ಹನ್ನೆರಡು ಮೀಟರು.
ರೇಸಿಗೆ ಏಳುನೂರೈವತ್ತು.
ಲೆಕ್ಕ ನನ್ನ ಕಸುಬು. ಹಳೇ ಟಿಕೆಟ್ಟಿನ ಬೆನ್ನ ಮೇಲೆ
ಬಾಕಿ ಚಿಲ್ಲರೆ ಬರೆದುಕೊಡುವ ಹಾಗೆ ಬರೆದೆ:
ಅರವತ್ತೆರಡೂವರೆ ಸಲ.
ಆ ಅರ್ಧ, ಓಂಕಾರಿ ಕೇಳಿದಳು,
ನಡುಬಾವಿಗೇ ಮುಗೀತದಲ್ಲಕ್ಕಾ?
ಯಾರೂ ಮಾತಾಡಲಿಲ್ಲ. ಗೀಜಗ ಒಂದು ಹುಲ್ಲೆಳೆ ಬೀಳಿಸಿತು.
ಮೇಷ್ಟ್ರು ಸೀಟಿ ಒರೆಸಿ ಬಾಯಿಗಿಟ್ಟರು,
ನನ್ನತ್ತ ನೋಡಿ
ಎರಡು ಸಲ ಊದಿದರು.